ನೀರು ಹೊಡೆಯೋ ಇಂಜಿನ್ನು

ಚರಂಡಿ ಜೆಟ್ಟಿಂಗ್ ಕೆಲಸಕ್ಕೆ, ಅಂದರೆ ಕಟ್ಟಿಕೊಂಡ ಪೈಪನ್ನು ಒತ್ತಡದ ನೀರು ಹೊಡೆದು ಬಿಡಿಸುವ ಕೆಲಸಕ್ಕೆ, ಹೊಸದಾಗಿ ಸೇರುವ ಹುಡುಗರು ಮೊದಲ ದಿನ ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ, ತಪ್ಪೇನಿಲ್ಲ. ಕಿವಿ ಮಾತ್ರ ತೆರೆದಿರಲಿ. ಈ ಕೆಲಸವನ್ನು ನಾನು ಕಲಿತದ್ದು ಕಿವಿಯಿಂದ. ಪೈಪಿನೊಳಗೆ ನೀರು ಚಿಮ್ಮುವ ನಾಝಲ್ ಖಾಲಿ ಜಾಗದಲ್ಲಿ ಓಡುವಾಗ ಒಂದು ಸದ್ದು, ಹೂಳಿಗೆ ತಗುಲಿದಾಗ ಇನ್ನೊಂದು, ಮರದ ಬೇರಿಗೆ ಸಿಕ್ಕಿದಾಗ ಮತ್ತೊಂದು. ಎಷ್ಟೋ ದಿನದಿಂದ ಕಟ್ಟಿಕೊಂಡದ್ದು ಬಿಟ್ಟುಕೊಳ್ಳುವಾಗ ಬರುವ ಸದ್ದನ್ನು ಬರೆದು ತೋರಿಸುವುದು ನನಗೆ ಬಾರದು. ನೆಲದಡಿಯಲ್ಲಿ ಯಾರೋ ದೊಡ್ಡ ಗುಟುಕೊಂದನ್ನು ನುಂಗಿದ ಹಾಗಿರುತ್ತದೆ. ಅದರ ಹಿಂದೆಯೇ ನೀರು ಸರ್ರನೆ ಇಳಿಯುತ್ತದೆ. ಅದನ್ನು ಒಂದು ಸಲ ಕೇಳಿದವನು ಈ ಕೆಲಸ ಬಿಟ್ಟು ಹೋದದ್ದನ್ನು ನಾನು ಕಂಡಿಲ್ಲ.

ನಮ್ಮೂರು ದೇವನೂರಿನ ಪಕ್ಕದ ಹಳ್ಳಿ. ಹೊಲ, ತೆಂಗಿನ ತೋಟ ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ನನಗೆ ಮಣ್ಣಿಗಿಂತ ಇಂಜಿನ್ನಿನ ಮೇಲೆ ಆಸೆ. ಕಡೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಕೈಗೆಲ್ಲ ಡೀಸೆಲ್ ಬಳಿದುಕೊಂಡು ಕೆಲಸ ಕಲಿತು, ಎಪ್ಪತ್ತರ ದಶಕದ ನಡುವಿನಲ್ಲಿ ಸರ್ಕಾರದ ಒಂದು ಇಲಾಖೆಗೆ ಪಂಪ್ ಆಪರೇಟರ್ ಆಗಿ ಸೇರಿದೆ. ಕುಡಿಯುವ ನೀರಿನ ಪಂಪು, ಬಾವಿಯ ಹೂಳು ತೆಗೆಯುವ ಪಂಪು, ಕೊನೆಗೆ ಚರಂಡಿಯ ಪಂಪು, ಹೀಗೆ ಯಾವುದಿದ್ದರೂ ನಾನೇ. ನಮ್ಮವ್ವ ಊರಿನಲ್ಲಿ ಮಗ ರುದ್ರಪ್ಪನದು ಇಂಜಿನ್ ಕೆಲಸ ಎಂದಷ್ಟೇ ಹೇಳುತ್ತಿದ್ದಳು. ಚರಂಡಿಯ ಮಾತನ್ನು ಅವಳು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಆಗ ನಮ್ಮ ಕಡೆಯ ಊರುಗಳಿಗೆ ಈಗಿನ ಹಾಗೆ ಒಳಚರಂಡಿ ಇರಲಿಲ್ಲ. ಬೀದಿಯಲ್ಲಿ ತೆರೆದ ಚರಂಡಿ, ಅದು ರಸ್ತೆ ದಾಟುವ ಕಡೆ ಸಿಮೆಂಟ್ ಪೈಪು. ಆಸ್ಪತ್ರೆ, ಹಾಸ್ಟೆಲ್, ನೌಕರರ ಕ್ವಾರ್ಟರ್ಸ್ ಇಂಥ ಕಡೆ ಮಾತ್ರ ನೆಲದಡಿಯಲ್ಲಿ ಪೈಪು ಹಾಕಿ ಅಲ್ಲಲ್ಲಿ ಚೇಂಬರ್, ಅಂದರೆ ಮುಚ್ಚಳವಿರುವ ಗುಂಡಿ, ಕಟ್ಟಿರುತ್ತಿದ್ದರು. ಕಟ್ಟಿಕೊಂಡರೆ ಉಪಾಯ ಎರಡೇ. ಬಿದಿರಿನ ದಬ್ಬೆಗಳನ್ನು ಒಂದಕ್ಕೊಂದು ಬಿಗಿದು ಪೈಪಿನೊಳಗೆ ತಳ್ಳುವುದು ಒಂದು. ಅದಕ್ಕೂ ಬಗ್ಗದಿದ್ದರೆ ಮನುಷ್ಯನನ್ನೇ ಇಳಿಸುವುದು.

ಇಳಿಯುವವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಹುಟ್ಟಿದ ಕೇರಿಯಿಂದಲೇ ತೀರ್ಮಾನವಾಗಿರುತ್ತಿತ್ತು. ನಮ್ಮ ಗ್ಯಾಂಗಿನಲ್ಲಿ ಇಳಿಯುತ್ತಿದ್ದವನು ಓಬಯ್ಯ, ಅವನಿಗಿಂತ ಮೊದಲು ಅವನ ಅಣ್ಣ ಕರಿಯಪ್ಪ. ನಾನು ಸೇರಿದ ಹೊಸದರಲ್ಲಿ ಕರಿಯಪ್ಪ ಒಂದು ಅಕ್ಕಿ ಗಿರಣಿಯ ಹಿಂದಿನ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಒಳಗಿದ್ದ ಕೆಟ್ಟ ಗಾಳಿ ಅವನನ್ನು ಕೂಗಲೂ ಬಿಡಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಅವನನ್ನು ಮೇಲಕ್ಕೆ ಎಳೆದವನು ತಮ್ಮ ಓಬಯ್ಯನೇ. ಮಣ್ಣು ಮಾಡಿ ಬಂದ ಮೇಲೆ ಅದೇ ಹಗ್ಗ ಓಬಯ್ಯನ ಸೊಂಟಕ್ಕೆ ಬಂತು. ನನಗಿಂತ ಅವನು ದೊಡ್ಡವನು. ನಾನು ಅವನನ್ನು ಓಬಣ್ಣ ಎಂದು ಕರೆಯಲು ಶುರುಮಾಡಿದ್ದು ಆಗಿನಿಂದ. ಆಫೀಸಿನಲ್ಲಿ ಕೆಲವರು ನಕ್ಕರು. ಓಬಯ್ಯ ಮಾತ್ರ ನಗಲಿಲ್ಲ. ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ಎಂದು ಹಿಂದೆ ತಿರುಗಿ ನೋಡಿದ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಆಗ ನಮಗೆ ಮುಕುಂದಯ್ಯ ಎಂಬ ಇಂಜಿನಿಯರ್ ಬಂದರು. ಒಣಕಲು ಶರೀರ, ಕೀರಲು ದನಿ, ಎರಡು ಮಾತಿಗೊಮ್ಮೆ ಬೈಗುಳ. ಬಂದವರೇ ಬೆಂಗಳೂರಿಗೆ ಓಡಾಡಿ, ಮೇಲಿನವರ ತಲೆ ತಿಂದು, ಕಡೂರು, ತರೀಕೆರೆ, ಅಜ್ಜಂಪುರ ಮೂರು ಊರಿಗೂ ಸೇರಿ ಒಂದು ಜೆಟ್ಟಿಂಗ್ ಯಂತ್ರ ತರಿಸಿದರು. ಅದು ಆಫೀಸಿನ ಅಂಗಳಕ್ಕೆ ಬಂದ ದಿನ ನನಗೆ ಊಟ ಸೇರಲಿಲ್ಲ. ಎರಡು ಚಕ್ರದ ಗಾಡಿಯ ಮೇಲೆ ನೀರಿನ ಟ್ಯಾಂಕು, ಅದರ ಪಕ್ಕ ಡೀಸೆಲ್ ಇಂಜಿನ್ನು, ಇಂಜಿನ್ನಿಗೆ ಜೋಡಿಸಿದ ಪಂಪು, ರಾಟೆಗೆ ಸುತ್ತಿದ ಕಪ್ಪು ಹೋಸು. ಜೀಪಿನ ಹಿಂದೆ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಹೋಸಿನ ತುದಿಗೆ ನಾಝಲ್, ಲಿಂಬೆಹಣ್ಣಿನಷ್ಟು ದಪ್ಪದ ಲೋಹದ ಗುಂಡು. ಅದರ ಮುಂದಕ್ಕೆ ಒಂದೇ ತೂತು. ಉಳಿದ ತೂತುಗಳೆಲ್ಲ ಹಿಂದಕ್ಕೆ.

ಹಿಂದಕ್ಕೆ ಯಾಕೆ ಎಂಬುದು ನನಗೂ ತಿಳಿಯಲಿಲ್ಲ. ಹಿಂದಕ್ಕೆ ಚಿಮ್ಮುವ ನೀರಿನ ರಭಸಕ್ಕೆ ನಾಝಲ್ ತಾನೇ ಮುಂದಕ್ಕೆ ನುಗ್ಗುತ್ತದೆ, ಹೋಸನ್ನು ತಾನೇ ಎಳೆದುಕೊಂಡು ಹೋಗುತ್ತದೆ, ಕಿತ್ತ ಹೂಳನ್ನು ಅದೇ ನೀರು ನಮ್ಮ ಕಡೆಗೆ ತೊಳೆದು ತರುತ್ತದೆ ಎಂದು ಮುಕುಂದಯ್ಯ ವಿವರಿಸಿದರು. ವಿವರಿಸಿ ಸುಮ್ಮನಿರಲಿಲ್ಲ. ನೆಲದ ಮೇಲೇ ತೋರಿಸುತ್ತೇನೆಂದು ಇಂಜಿನ್ ಹಚ್ಚಿಸಿದರು. ಪೈಪಿನೊಳಗೆ ಇರಬೇಕಾದ ನಾಝಲ್ ಬಯಲಲ್ಲಿ ಎದ್ದು ಕುಣಿಯಿತು. ಹೆಡೆ ಎತ್ತಿದ ಹಾವಿನ ಹಾಗೆ ಹೋಸು ಅಂಗಳದ ತುಂಬ ಹೊಡೆದಾಡಿತು. ಗುಮಾಸ್ತರು ಕಿಟಕಿ ಹಾಕಿಕೊಂಡರು, ಮುಕುಂದಯ್ಯನವರು ಜೀಪಿನ ಬಾನೆಟ್ ಹತ್ತಿದರು, ನಾನು ಬಿದ್ದೆನೋ ಎದ್ದೆನೋ ಎಂದು ಓಡಿ ಇಂಜಿನ್ ನಿಲ್ಲಿಸಿದೆ. ಬಾನೆಟ್ ಮೇಲಿಂದಲೇ ಅವರು ಪಾಠ ಮುಗಿಸಿದರು. ನಾಝಲ್ ಪೈಪಿನ ಬಾಯೊಳಗೆ ಸೇರುವವರೆಗೆ ಒತ್ತಡ ಏರಿಸಬಾರದು. ಈಗಲೂ ನಿಮಗೆ ನಾನು ಹೇಳುವ ಮೊದಲ ಪಾಠ ಅದೇ. ಅದನ್ನು ಮರೆತವರು ಹಲ್ಲು ಉದುರಿಸಿಕೊಂಡದ್ದನ್ನು ನೋಡಿದ್ದೇನೆ.

ಇಷ್ಟೆಲ್ಲ ನಡೆಯುವಾಗ ಓಬಯ್ಯ ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಯಂತ್ರ ಬಂದ ಮೇಲೆ ತನ್ನ ಕೂಲಿ ಹೋಯಿತು ಎಂದು ಅವನ ಎಣಿಕೆ. ಮುಕುಂದಯ್ಯ ಅವನನ್ನು ಕರೆದು ಹೋಸಿನ ತುದಿಯನ್ನು ಕೈಗೆ ಕೊಟ್ಟರು.

"ನೋಡಯ್ಯ, ಹೋಸ್ ಹಿಡಿಯೋನು ಇನ್ಮೇಲೆ ನೀನು. ಇವತ್ತಿಂದ ಯಾವ ಗುಂಡಿಗೂ ಯಾರೂ ಇಳಿಯೋ ಹಾಗಿಲ್ಲ. ನೀನಾಗಿ ಇಳಿದ್ರೂ ನಿನ್ನ ಕೆಲಸದಿಂದ ತೆಗೀತೀನಿ."

ಓಬಯ್ಯನಿಗೆ ಅದು ಬೈಗುಳವೋ ಅಭಯವೋ ತಿಳಿಯಲಿಲ್ಲ. "ಅಂಗಾರೆ ಈ ಹಗ್ಗ ಏನ್ಮಾಡ್ಲಿ ಸಾಮಿ?" ಎಂದ. ದನ ಕಟ್ಟಿಕೊ ಎಂದರು ಅವರು.

ನಮ್ಮ ಮೊದಲ ದೊಡ್ಡ ಕೆಲಸ ಕಡೂರಿನಲ್ಲೇ. ತೆಂಗಿನಕಾಯಿ ಸುಲಿದು ಮಾರುವ ಬೀದಿಯ ಚರಂಡಿ ರಸ್ತೆ ದಾಟುವ ಕಡೆ ಕಟ್ಟಿಕೊಂಡು, ವಾರದಿಂದ ನೀರು ರಸ್ತೆಯ ಮೇಲೇ ಹರಿಯುತ್ತಿತ್ತು. ಜೀಪ್ ಡ್ರೈವರ್ ಬಾಷಾ ಸಾಬರು ಹಾರನ್ ಹೊಡೆದುಕೊಂಡು ಬೀದಿಗೆ ನುಗ್ಗಿಸಿದಾಗ ಜನ ಸರ್ಕಸ್ ಬಂದ ಹಾಗೆ ಸುತ್ತುವರಿದರು. ನನಗೆ ಗಂಟಲವರೆಗೆ ಹೆಮ್ಮೆ. ನೀರು ನಿಂತದ್ದು ಮೇಲುಗಡೆ, ಆದ್ದರಿಂದ ಮೇಲುಗಡೆಯಿಂದಲೇ ಹೊಡೆದರಾಯಿತು ಎಂದು ನಾಝಲ್ ತೂರಿಸಿ ಒತ್ತಡ ಏರಿಸಿದೆ. ಒತ್ತಡ ತೋರಿಸುವ ಮುಳ್ಳು ಏರಿತು, ಪಂಪು ಗುಟುರು ಹಾಕಿತು, ಒಳಗೆ ಏನೋ ಸರಿಯಿತು. ಅಷ್ಟರಲ್ಲಿ ಪಕ್ಕದ ಹೋಟೆಲಿನೊಳಗೆ ಗಲಾಟೆ. ಪಾತ್ರೆ ತೊಳೆಯುವ ಜಾಗದ ಕಿಂಡಿಯಿಂದ ಚರಂಡಿ ನೀರು ಬುಗ್ಗೆಯಾಗಿ ಎದ್ದು ಅಡಿಗೆಮನೆ ತುಂಬ ನುಗ್ಗಿತ್ತು. ಮಾಲೀಕರು ಸಾಂಬಾರಿನ ಸೌಟು ಹಿಡಿದುಕೊಂಡೇ ಬೀದಿಗೆ ಬಂದು ನನ್ನ ಹಿಂದಿನ ಏಳು ತಲೆಮಾರನ್ನು ಕರೆದರು.

ಆ ದಿನ ಕಲಿತದ್ದು ಇದು: ಮೇಲಿನಿಂದ ಹೊಡೆದರೆ ನಾಝಲ್ ಅಡ್ಡಿಯನ್ನು ಇನ್ನಷ್ಟು ಗಟ್ಟಿ ತುಂಬುತ್ತದೆ, ನಾವು ಬಿಟ್ಟ ನೀರಿಗೂ ಹೋಗಲು ದಾರಿಯಿರುವುದಿಲ್ಲ. ಯಾವಾಗಲೂ ಕೆಳಗಡೆಯ ಖಾಲಿ ಬಾಯಿಂದ ಮೇಲಕ್ಕೆ ಹೊಡೆಯಬೇಕು. ಹೋಟೆಲಿನವರಿಗೆ ಕೈಮುಗಿದು, ಗಾಡಿಯನ್ನು ರಸ್ತೆಯಾಚೆಗೆ ಒಯ್ದು, ಕೆಳಗಿನಿಂದ ಬಿಟ್ಟೆವು. ಓಬಯ್ಯ ಹೋಸಿನ ಮೇಲೆ ಅಂಗೈ ಇಟ್ಟುಕೊಂಡು, ನಾಡಿ ನೋಡುವವನಂತೆ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಹೋಸ್ ಕೈಯಲ್ಲಿ ನಡುಗುವುದು ನಿಂತಿತು ಎಂದ. ಆಗ ಬಂತು ನೋಡಿ ಆ ಗುಟುಕಿನ ಸದ್ದು. ಹಿಂದೆಯೇ ತೆಂಗಿನ ನಾರು, ಸಿಪ್ಪೆ, ಕೆಸರು ಎಲ್ಲ ಹೆಣೆದುಕೊಂಡ ಒಂದು ದೊಡ್ಡ ಮುದ್ದೆ, ಗುಹೆಯಿಂದ ಕರಡಿ ಬರುವಂತೆ ಪೈಪಿನಿಂದ ಹೊರಗೆ ಬಂದು ಚರಂಡಿಗೆ ಬಿತ್ತು. ಜನ ಹೋ ಎಂದರು. ಓಬಯ್ಯ ಒದ್ದೆಯಾಗದೆ ಉಳಿದ ತನ್ನ ಕಾಲುಗಳನ್ನೇ ನೋಡಿಕೊಳ್ಳುತ್ತಿದ್ದ. ಹೋಟೆಲಿನ ಮಾಲೀಕರು ಬೈಯುವುದನ್ನು ನಿಲ್ಲಿಸದೆಯೇ ನಮಗೆಲ್ಲ ಕಾಫಿ ಕಳಿಸಿದರು.

ತರೀಕೆರೆಯ ಕೆಲಸಗಳಲ್ಲಿ ನನಗೆ ಮರೆಯಲಾಗದ್ದು ಒಂದು ವಿದ್ಯಾರ್ಥಿ ನಿಲಯದ್ದು. ಅಡಿಗೆಮನೆಯ ಪೈಪು ಕಟ್ಟಿಕೊಂಡಿದೆ ಎಂದು ಕರೆಸಿದ್ದರು. ಹೋದಾಗ ಅಲ್ಲಿ ಬೇರೆಯೇ ಜಗಳ ನಡೆಯುತ್ತಿತ್ತು. ಪಾತ್ರೆ ತೊಳೆಯುವ ಗೌರಮ್ಮ ಎಂಬ ಹೆಂಗಸು ಸ್ಟೀಲ್ ಲೋಟಗಳನ್ನು ಕದ್ದು ಮಾರುತ್ತಾಳೆ ಎಂದು ವಾರ್ಡನ್ ಅವಳನ್ನು ಹಿಂದಿನ ದಿನವೇ ಬಿಡಿಸಿದ್ದರು. ಆಕೆ ಗೇಟಿನ ಹೊರಗೆ ಕುಳಿತಿದ್ದಳು. ಅತ್ತು ಅತ್ತು ದನಿ ಹೋಗಿತ್ತು. ತರೀಕೆರೆಯಲ್ಲಿ ಇನ್ನು ತನ್ನನ್ನು ಯಾರ ಮನೆಗೂ ಸೇರಿಸುವುದಿಲ್ಲ ಎಂದು ಬಾಷಾ ಸಾಬರ ಹತ್ತಿರ ಹೇಳಿಕೊಂಡಳಂತೆ.

ನಾವು ಕೆಳಗಿನ ಚೇಂಬರಿನಿಂದ ನಾಝಲ್ ಬಿಟ್ಟೆವು. ಒಳಗೆ ರಾಗಿ ಹಿಟ್ಟೂ ಬೂದಿಯೂ ಸೇರಿ ಗಾರೆಯಾಗಿತ್ತು. ಹೊಡೆದು ಹೊಡೆದು ಟ್ಯಾಂಕು ಖಾಲಿಯಾಯಿತು, ಬಾವಿಯಿಂದ ಮತ್ತೆ ತುಂಬಿಸಿದೆವು. ಎರಡನೆಯ ಸಲ ಒತ್ತಡ ಏರಿಸಿದಾಗ ಪೈಪಿನೊಳಗೆ ನಾನು ಎಂದೂ ಕೇಳಿರದ ಸದ್ದು, ಟಣ ಟಣ ಎಂದು. ಪಂಪಿನ ಕವಾಟ ಒಡೆಯಿತೇನೋ ಎಂದು ಇಂಜಿನ್ ನಿಲ್ಲಿಸಲು ಹೋದೆ. ಓಬಯ್ಯ ಕೈ ಎತ್ತಿ, ನಿಲ್ಲಿಸಬೇಡಿ ಎಂದು ಸನ್ನೆ ಮಾಡಿದ. ಮರುಗಳಿಗೆ ಬೂದಿಗಾರೆ ಒಡೆದು, ನೀರಿನ ಜೊತೆ ಒಂದು ಸ್ಟೀಲ್ ಲೋಟ ಉರುಳಿಕೊಂಡು ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲಾಗಿ, ಮೆರವಣಿಗೆ ಹೊರಟ ಹಾಗೆ, ಲೋಟ, ಚಮಚ, ಒಂದು ಸೌಟು, ಮತ್ತೆ ಲೋಟ. ಪಾತ್ರೆ ತೊಳೆಯುವ ತೊಟ್ಟಿಯ ಕಿಂಡಿಯ ಜಾಲರಿ ಮುರಿದು ಎಷ್ಟು ಕಾಲವಾಗಿತ್ತೋ, ಹುಡುಗರು ಊಟ ಮುಗಿಸಿ ಎಸೆದ ಲೋಟಗಳು ಒಂದೊಂದಾಗಿ ಒಳಗಿಳಿದಿದ್ದವು.

ನಾನು ಗೇಟಿಗೆ ಓಡಿ ಗೌರಮ್ಮನನ್ನು ಕರೆದುಕೊಂಡು ಬಂದೆ. ವಾರ್ಡನ್ ಅಲ್ಲೇ ನಿಂತಿದ್ದರು. ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಸರಿನಿಂದ ಒಂದೊಂದೇ ಲೋಟ ಎತ್ತಿ, ಹುಣಸೆಹಣ್ಣು ತರಿಸಿಕೊಂಡು, ಅಲ್ಲೇ ಕುಳಿತು ಬೆಳಗತೊಡಗಿದಳು. ಸಂಜೆಯೊಳಗೆ ವಾರ್ಡನ್ ಆಕೆಯ ಎದುರು ಬಂದು ನಿಂತು, ನಾಳೆಯಿಂದ ಬರಬೇಕು ಎಂದು ಕೇಳಿಕೊಂಡರು. "ಜಾಲರಿ ಹಾಕ್ಸಿ, ಬತ್ತೀನಿ" ಎಂದಳು. ಅಷ್ಟೇ ಮಾತು. ಹೆಡ್ ಆಫೀಸಿನಿಂದ ಯಾರು ಬಂದು ಬೆನ್ನು ತಟ್ಟಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ ನನಗೆ.

ಇನ್ನು ಅಜ್ಜಂಪುರದ ಸಂಗತಿ. ಅದನ್ನು ಹೇಳಬೇಕೆಂದೇ ಇಷ್ಟು ಬರೆದೆ.

ಆ ಹೊತ್ತಿಗೆ ಮನೆಯಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ಚನ್ನಬಸಪ್ಪನವರು ನಮ್ಮ ಜನವೇ, ಮಠದ ಕಡೆಯಿಂದ ಪರಿಚಯ. ಅವರ ಎರಡನೆಯ ಮಗಳು ನಾಗರತ್ನ. ಒಂದು ಸಲ ಹೋಗಿ ನೋಡಿ, ಉಪ್ಪಿಟ್ಟು ತಿಂದು ಬಂದಿದ್ದೆವು. ಹುಡುಗನದು ಸರ್ಕಾರಿ ಇಂಜಿನ್ ಕೆಲಸ ಎಂದು ನಡುವಿನವರು ಹೇಳಿದ್ದರು. ಯಾವ ಇಂಜಿನ್ನು ಎಂದು ಅವರು ಕೇಳಲಿಲ್ಲ, ನಮ್ಮವರು ಹೇಳಲಿಲ್ಲ. ಮಾತುಕತೆ ಮುಗಿಸಲು ಮುಂದಿನ ವಾರ ಅವರು ನಮ್ಮೂರಿಗೆ ಬರುವುದೆಂದು ಆಗಿತ್ತು.

ಆಗಲೇ ಅಜ್ಜಂಪುರದ ಒಂದು ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ನೆಲದಡಿಯ ಪೈಪು ಕಟ್ಟಿಕೊಂಡು ಹೊಲಸು ನೀರು ಕಕ್ಕಸಿನಿಂದ ವಾರ್ಡಿಗೇ ಹತ್ತುತ್ತಿದೆ ಎಂದು. ನಾವು ಹೋದಾಗ ಬೆಳಗಿನ ಬಿಸಿಲು ಏರುತ್ತಿತ್ತು. ಒಳಗೆ ಕಾಲಿಟ್ಟರೆ ಪಾದ ಮುಳುಗುವ ನೀರು. ಬಾಣಂತಿಯರನ್ನು ಮಕ್ಕಳ ಸಮೇತ ಬೆಂಚುಗಳ ಮೇಲೆ, ಮಂಚಗಳ ಮೇಲೆ ಕಾಲು ಮಡಿಸಿ ಕೂರಿಸಿದ್ದರು. ಒಬ್ಬಾಕೆಗೆ ನೋವು ಶುರುವಾಗಿತ್ತು, ನರ್ಸ್ ಇಟ್ಟಿಗೆಗಳ ಮೇಲೆ ನಿಂತು ಅವಳ ಕೈ ಹಿಡಿದುಕೊಂಡಿದ್ದರು.

ದುರದೃಷ್ಟಕ್ಕೆ ಮುಕುಂದಯ್ಯನವರು ಊರಲ್ಲಿರಲಿಲ್ಲ, ತರಬೇತಿಗೆ ಹೋಗಿದ್ದರು. ಅವರ ಜಾಗಕ್ಕೆ ಹಂಗಾಮಿಯಾಗಿ ಬಂದಿದ್ದ ಸಾಹೇಬರು ಜೊತೆಗಿದ್ದರು. ಆಸ್ಪತ್ರೆಯ ಪೈಪು ಪಕ್ಕದ ಜಾಗದ ಕೆಳಗೆ ಹಾದು, ಹಿಂದಿನ ದೊಡ್ಡ ಮೋರಿಗೆ ಸೇರುತ್ತಿತ್ತು. ನಿಯಮದ ಹಾಗೆ ಮೋರಿಯ ಕಡೆಯಿಂದ ನಾಝಲ್ ಬಿಟ್ಟೆವು. ಹೋಸೆಲ್ಲ ಒಳಗೆ ಹೋಯಿತು, ಅಡ್ಡಿ ಸಿಗಲಿಲ್ಲ. ಅಡ್ಡಿ ಅದಕ್ಕೂ ಆಚೆಗಿತ್ತು. ನಡುವೆ ಇನ್ನೊಂದು ಚೇಂಬರ್ ಇರಲೇಬೇಕು, ಆದರೆ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಸಾಹೇಬರಿಗೆ ಆತುರ. ಆಸ್ಪತ್ರೆಯ ಕಡೆಯಿಂದಲೇ ಹೊಡೆಯಲು ಹೇಳಿದರು. ಹೊಡೆದೆವು. ನಾಝಲ್ ಸ್ವಲ್ಪ ದೂರ ಓಡಿ ಬೇರಿನ ಗಂಟಿಗೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಲ್ಲರೂ ಸೇರಿ ಎಳೆದರೂ ಹೋಸ್ ಅಲ್ಲಾಡಲಿಲ್ಲ. ಚೇಂಬರ್ ಬಾಯಿಯವರೆಗೆ ತುಂಬಿ ತುಳುಕುತ್ತಿತ್ತು.

ಸಾಹೇಬರು ಓಬಯ್ಯನ ಕಡೆ ನೋಡಿ, ಇಳಿದು ಕೈ ಹಾಕಿ ಬಿಡಿಸು ಎಂದರು. ಮುಳುಗಿ, ಆ ಹೊಲಸಿನೊಳಗೆ ತಲೆ ಅದ್ದಿ, ಪೈಪಿನ ಬಾಯಿ ಹುಡುಕಬೇಕು. ಓಬಯ್ಯ ಅಂಗಿಯ ಗುಂಡಿ ಬಿಚ್ಚತೊಡಗಿದ. ನನಗೆ ಆಗ ಏನಾಯಿತೋ, ಇಂಜಿನ್ ನಿಲ್ಲಿಸಿ ಬಂದು ಅವನಿಗೂ ಚೇಂಬರಿಗೂ ನಡುವೆ ನಿಂತೆ.

"ಅವ್ರು ಇಳಿಯಲ್ಲ ಸಾರ್."

"ಅದನ್ನ ಹೇಳಕ್ಕೆ ನೀನ್ಯಾರಯ್ಯ? ಒಳಗೆ ಹೆಂಗಸ್ರು ಒದ್ದಾಡ್ತಾ ಇದಾರೆ."

"ವಾರ್ಡಿನ ನೀರು ಇಳಿಸೋದು ನನ್ನ ಜವಾಬ್ದಾರಿ ಸಾರ್. ಓಬಣ್ಣನ್ನ ಇಳ್ಸಲ್ಲ."

ಕೆಲಸದಿಂದ ತೆಗೆಸುತ್ತೇನೆ ಎಂದರು. ತೆಗೆಸಿ ಎಂದೆ. ಧೈರ್ಯದಿಂದ ಹೇಳಿದೆ ಎಂದು ತಿಳಿಯಬೇಡಿ. ಬಾಷಾ ಸಾಬರು ಜೀಪಿನಿಂದ ಇಳಿದು ಬಂದು ನನ್ನ ಪಕ್ಕ ನಿಂತರು. ಅದು ನನಗೆ ಆನೆಬಲ ಕೊಟ್ಟಿತು.

ನಡುವಿನ ಚೇಂಬರ್ ಹುಡುಕಬೇಕು, ಬೇರೆ ದಾರಿಯೇ ಇಲ್ಲ. ಆಸ್ಪತ್ರೆಯಿಂದ ಮೋರಿಗೆ ಕಣ್ಣಳತೆಯಲ್ಲಿ ಗೆರೆ ಹಿಡಿದು ನಡೆದೆ. ಗೆರೆ ನೇರ ಒಂದು ಮಂಡಿಯ ಗೋಡೆಗೆ ಹೋಗಿ ಮುಟ್ಟಿತು. ಬಾಗಿಲಲ್ಲಿದ್ದ ಮುದುಕ ಹಮಾಲಿಯನ್ನು ವಿಚಾರಿಸಿದರೆ, ಈ ಶೆಡ್ಡು ಹಾಕುವ ಮೊದಲು ಇಲ್ಲಿ ಬಯಲಿತ್ತು, ಒಂದು ಕಬ್ಬಿಣದ ಮುಚ್ಚಳವೂ ಇತ್ತು, ಈಗ ನೆಲದ ಗಾರೆಯಡಿ ಸೇರಿದೆ ಎಂದ. ಅದರ ಮೇಲೆ ಛಾವಣಿ ಮುಟ್ಟುವ ಹಾಗೆ ಈರುಳ್ಳಿ ಮೂಟೆ. ತಲೆಯೆತ್ತಿ ನೋಡಿದರೆ ಗದ್ದಿಗೆಯ ಮೇಲೆ ಕುಳಿತಿದ್ದವರು ಚನ್ನಬಸಪ್ಪನವರು.

ಮಂಡಿಗೆ ರಸ್ತೆಯ ಕಡೆಯಿಂದ ಬಂದಿದ್ದರೆ ನನಗೆ ಮೊದಲೇ ಗುರುತು ಸಿಗುತ್ತಿತ್ತು. ಹಿಂದಿನ ಬಾಗಿಲಿಂದ ಬಂದು ಸಿಕ್ಕಿಬಿದ್ದೆ. ಮೈಯೆಲ್ಲ ಕೆಸರು, ಕೂದಲಿಂದ ತೊಟ್ಟಿಕ್ಕುವ ನೀರು. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಏನಪ್ಪಾ, ಇಂಜಿನ್ ಕೆಲಸ ಅಂದಿದ್ರು?"

"ಇದೂ ಇಂಜಿನ್ನೇ ಯಜಮಾನ್ರೇ. ನೀರು ಹೊಡೆಯೋ ಇಂಜಿನ್ನು."

ಬಂದ ಕಾರಣ ಹೇಳಿದೆ. ಮೂಟೆ ಸರಿಸಬೇಕು, ನೆಲ ಒಡೆಯಬೇಕು, ಹೊಲಸೆಲ್ಲ ಈ ಶೆಡ್ಡಿನೊಳಗೇ ಬರುತ್ತದೆ. ಸುಗ್ಗಿಯ ಕಾಲ, ಮಾಲು ತುಂಬಿದೆ. ಅವರ ಮುಖ ಕೆಂಪಾಗಿದ್ದು ಈರುಳ್ಳಿಗೋ, ಮೋಸಹೋದೆನೆಂಬ ಸಿಟ್ಟಿಗೋ ತಿಳಿಯಲಿಲ್ಲ. ಮಂಡಿಯ ಪಕ್ಕಕ್ಕೆ ಅಂಟಿಕೊಂಡೇ ಅವರ ಮನೆ. ಆ ಕಡೆಯ ಬಾಗಿಲಲ್ಲಿ ನಾಗರತ್ನ ಬಂದು ನಿಂತದ್ದನ್ನು ನಾನು ಆಮೇಲೆ ನೋಡಿದೆ. ಕೈಯಲ್ಲಿ ಖಾಲಿ ಟಿಫನ್ ಕ್ಯಾರಿಯರ್. ಆಸ್ಪತ್ರೆಯಲ್ಲಿದ್ದ ಪರಿಚಯದ ಬಾಣಂತಿಗೆ ಗಂಜಿ ಕೊಟ್ಟು ಬಂದಿದ್ದಳು.

"ಅಪ್ಪಾಜಿ, ಅಲ್ಲಿ ಹಸುಗೂಸುಗಳ್ನ ಎತ್ಕಂಡು ಬೆಂಚಿನ ಮೇಲೆ ಕೂತಿದಾರೆ. ಒಬ್ಬಾಕೆಗೆ ನೋವು ಬಂದೈತೆ. ಈರುಳ್ಳಿ ನಾಳೆ ಜೋಡಿಸ್ಕೋಬೋದು."

ಚನ್ನಬಸಪ್ಪನವರು ಮಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಗದ್ದಿಗೆಯಿಂದ ಎದ್ದು ಶಲ್ಯ ತೆಗೆದಿಟ್ಟು, ಹಮಾಲರನ್ನು ಕೂಗಿ ಕರೆದರು. ಮೊದಲ ಮೂಟೆಗೆ ತಾವೇ ಕೈ ಹಾಕಿದರು.

ಅಲ್ಲಿಂದ ಮುಂದೆ ಅದೊಂದು ಓಟ. ಮೂಟೆಗಳು ಕೈಯಿಂದ ಕೈಗೆ ಬೀದಿಗೆ ಹಾರಿದವು. ಹಾರೆ ಹಿಡಿದು ಗಾರೆ ಒಡೆದೆವು. ಮುದುಕ ತೋರಿಸಿದ ಜಾಗದಿಂದ ಒಂದು ಮಾರು ಆಚೆಗೆ ಹಾರೆ ಠಣ್ಣೆಂದಿತು. ಮುಚ್ಚಳ ಎತ್ತಿದ ಮೇಲೆ ಎಲ್ಲರನ್ನೂ ಶೆಡ್ಡಿನಿಂದ ಹೊರಗೆ ಕಳಿಸಿ ಗಾಳಿಯಾಡಲು ಬಿಟ್ಟೆ. ಸಾಹೇಬರು ಇನ್ನೂ ಯಾಕೆ ಕಾಯುತ್ತೀಯೆಂದು ಹಲ್ಲು ಕಡಿದರು. ಕೆಟ್ಟ ಗಾಳಿಗೆ ಸಾಹೇಬರ ಆತುರ ಗೊತ್ತಾಗುವುದಿಲ್ಲ. ಹುಡುಗರೇ, ಇದನ್ನು ನೀವೂ ನೆನಪಿಡಿ. ಮುಚ್ಚಳ ತೆಗೆದ ಕೂಡಲೇ ಬಗ್ಗಿ ನೋಡಬೇಡಿ, ಯಾರು ಎಷ್ಟೇ ಕೂಗಾಡಲಿ.

ಆ ಹೊತ್ತನ್ನು ನಾವು ಸುಮ್ಮನೆ ಕಳೆಯಲಿಲ್ಲ. ನಮ್ಮ ಹೋಸು ಎರಡು ತುಂಡಿನದು. ಜೋಡಣೆ ಬಿಚ್ಚಿ, ಸಿಕ್ಕಿಕೊಂಡ ತುಂಡನ್ನು ಅಲ್ಲೇ ಬಿಟ್ಟು, ಗಾಡಿಯನ್ನು ಶೆಡ್ಡಿನ ಬಾಗಿಲಿಗೆ ತಂದು, ಉಳಿದುದಕ್ಕೆ ಇನ್ನೊಂದು ನಾಝಲ್ ಬಿಗಿದೆವು. ಓಬಯ್ಯ ಮೇಲೆ ನಿಂತುಕೊಂಡೇ ಬಿದಿರಿನ ಗಳದಿಂದ ಅದನ್ನು ಪೈಪಿನ ಬಾಯಿಗೆ ಕೂರಿಸಿದ. ನಾನು ಒತ್ತಡ ಏರಿಸಿದೆ. ನಾಝಲ್ ಮೇಲ್ಮುಖವಾಗಿ ಓಡಿತು, ಬೇರಿಗೆ ತಗುಲಿ ನಿಂತಿತು. ಹಿಂದಕ್ಕೆ ಎಳೆದು ಮತ್ತೆ ಬಿಟ್ಟೆವು. ಮತ್ತೆ ಎಳೆದೆವು, ಮತ್ತೆ ಬಿಟ್ಟೆವು. ಕೂದಲಿನಂಥ ಬೇರು ತೊಳೆದುಕೊಂಡು ಬರತೊಡಗಿತು. ಓಬಯ್ಯನ ಅಂಗೈ ಹೋಸಿನ ಮೇಲೆ, ನನ್ನ ಕಣ್ಣು ಅವನ ಮುಖದ ಮೇಲೆ. ಟ್ಯಾಂಕಿನಲ್ಲಿ ನೀರು ತಳ ಕಾಣುತ್ತಿತ್ತು.

"ಈಗ ಒಸಿ ಜಾಸ್ತಿ ಬಿಡಿ ರುದ್ರಪ್ನೋರೇ," ಎಂದ ಅವನು ಮೆಲ್ಲಗೆ.

ಬಿಟ್ಟೆ. ಮುಳ್ಳು ಕೆಂಪು ಗೆರೆಯ ಅಂಚಿಗೆ ಹೋಗಿ ನಡುಗಿತು, ಆಮೇಲೆ ಧೊಪ್ಪನೆ ಕೆಳಗೆ ಬಿತ್ತು. ನೆಲದಡಿಯಲ್ಲಿ ಆ ಗುಟುಕು ಕೇಳಿಸಿತು. ಅಷ್ಟು ದೊಡ್ಡ ಗುಟುಕನ್ನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಲಿಲ್ಲ. ಎದುರಿನಿಂದ ಬಂದ ನೀರು ಚೇಂಬರಿನಲ್ಲಿ ಉಕ್ಕಿ, ಶೆಡ್ಡಿನ ನೆಲದ ಮೇಲೆ ನಮ್ಮ ಮೊಣಕಾಲವರೆಗೆ ಹೊಡೆದು, ಕೆಳಗಿನ ಪೈಪಿಗೆ ತಿರುಗಿ ಮೋರಿಗೆ ಓಡಿತು. ಬೇರಿನ ಗಂಟಿನ ಜೊತೆ ಸಿಕ್ಕಿಕೊಂಡಿದ್ದ ಮೊದಲ ನಾಝಲ್ಲೂ ಹೋಸೂ ಈಜಿಕೊಂಡು ಬಂದವು. ಗೋಡೆಯಾಚೆಯಿಂದ, ಆಸ್ಪತ್ರೆಯ ಕಿಟಕಿಯಲ್ಲಿ, ಇಳೀತು ಇಳೀತು ಎಂದು ನರ್ಸಮ್ಮನ ದನಿ. ಬಾಷಾ ಸಾಬರು ನನ್ನನ್ನು ಎತ್ತಿ ತಿರುಗಿಸಿಬಿಟ್ಟರು. ನೋವು ತಿನ್ನುತ್ತಿದ್ದಾಕೆಗೆ ಮಧ್ಯಾಹ್ನ ತೊಳೆದು ಒರೆಸಿದ ವಾರ್ಡಿನಲ್ಲೇ ಹೆರಿಗೆಯಾಯಿತು, ಹೆಣ್ಣುಮಗು.

ಹಂಗಾಮಿ ಸಾಹೇಬರು ಜೀಪಿಗೂ ಕಾಯದೆ ಬಸ್ಸಿನಲ್ಲಿ ಹೋದರು. ನನ್ನನ್ನು ತೆಗೆಸುವ ಮಾತನ್ನು ಮತ್ತೆ ಎತ್ತಲಿಲ್ಲ. ಮುಕುಂದಯ್ಯನವರು ವಾಪಸು ಬಂದವರು ಶೆಡ್ಡಿನ ನೆಲ ಸರಿಮಾಡಿಸಿಕೊಟ್ಟು, ಚೇಂಬರಿಗೆ ತೆಗೆಯಲು ಬರುವ ಮುಚ್ಚಳ ಹಾಕಿಸಿದರು. ಚನ್ನಬಸಪ್ಪನವರು ಮುಂದಿನ ವಾರ ನಮ್ಮೂರಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಮ್ಮವ್ವ ಆ ಸಂಬಂಧವನ್ನು ಕೈಬಿಟ್ಟೇಬಿಟ್ಟಿದ್ದಳು. ಆಮೇಲೊಂದು ದಿನ ಬಂದರು, ಒಪ್ಪಿಸಿದವಳು ಮಗಳು ಎಂದು ಎಲ್ಲರೆದುರು ಹೇಳಿಯೇ ತಾಂಬೂಲ ಮುಟ್ಟಿದರು. ನಾಗರತ್ನ ಈಗಲೂ ಇದನ್ನು ಬರೆಯುವಾಗ ಪಕ್ಕದಲ್ಲಿದ್ದಾಳೆ. ಈರುಳ್ಳಿ ಮಂಡಿಯ ಆ ದಿನದ ಕೊನೆಯನ್ನು ಬಿಡಬೇಡಿ ಎನ್ನುತ್ತಾಳೆ.

ಹೋಸು ಸುತ್ತಿ, ಶೆಡ್ಡು ತೊಳೆದು ಮುಗಿಸಿದಾಗ ಹೊತ್ತು ಇಳಿಯುತ್ತಿತ್ತು. ನಾನೂ ಓಬಯ್ಯನೂ ಎಂದಿನಂತೆ ಬೀದಿ ನಲ್ಲಿಯ ಕಡೆಗೆ ಹೊರಟಿದ್ದೆವು. ನಾಗರತ್ನ ಹಿತ್ತಿಲ ಬಾಗಿಲು ತೆರೆದು ನಿಂತಿದ್ದಳು.

"ಬಚ್ಚಲಲ್ಲಿ ನೀರು ಕಾಯ್ಸಿದೀನಿ. ಇಬ್ರೂ ಸ್ನಾನ ಮಾಡ್ಕಳ್ರಿ."

ಇಬ್ಬರೂ ಎಂದದ್ದು ಓಬಯ್ಯನಿಗೆ ಕೇಳಿಸಿತು. ಅವನು ಅಲ್ಲೇ ನಿಂತುಬಿಟ್ಟ. ಅಂಥ ಮೇಲುಜಾತಿಯವರ ಮನೆಯ ಹಿತ್ತಿಲಿಗೆ ಅವನು ಬಂದಿರಬಹುದು, ಬಚ್ಚಲ ಹೊಸ್ತಿಲು ದಾಟಿದವನಲ್ಲ. ಒಳಗಿನಿಂದ ಒಬ್ಬ ಮುದುಕಿ ಏನೋ ಗೊಣಗಿದಳು. ಪಡಸಾಲೆಯಲ್ಲಿದ್ದ ಚನ್ನಬಸಪ್ಪನವರು ಗೋಡೆಯ ಕಡೆ ತಿರುಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾಗರತ್ನ ಬಾಗಿಲು ಮುಚ್ಚಲಿಲ್ಲ. ಒಗೆದ ಪಂಚೆಗಳನ್ನು ಗೂಟಕ್ಕೆ ಹಾಕಿ, ಸೋಪನ್ನು ಕಲ್ಲಿನ ಮೇಲಿಟ್ಟಳು.

ನೀನು ಮೊದಲು ಹೋಗು ಓಬಣ್ಣ ಎಂದೆ.

ಅವನು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಒಳಗೆ ಹೋದ. ಬಹಳ ಹೊತ್ತು ಏನೂ ಸದ್ದಿಲ್ಲ. ಆಮೇಲೆ ಒಂದು ಚೊಂಬು ನೀರು ಮೈಮೇಲೆ ಬಿದ್ದ ಸದ್ದು. ಮತ್ತೊಂದು. ಮತ್ತೆ ನಿಲ್ಲಲೇ ಇಲ್ಲ. ಹಂಡೆಗೆ ಚೊಂಬು ತಾಗುವುದು, ನೀರು ಸುರಿಯುವುದು, ಸೋಪಿನ ವಾಸನೆ, ಬಾಗಿಲ ಸಂದಿಯಿಂದ ಹಬೆ. ನಾನು ಕೆಸರು ಒಣಗುತ್ತಿದ್ದ ಮೈಯಲ್ಲಿ ತುಳಸಿಯ ಕಟ್ಟೆಯ ಪಕ್ಕ ನಿಂತೇ ಇದ್ದೆ. ನಾಗರತ್ನ ಹೊರಗಿನಿಂದಲೇ ಹಂಡೆಯ ಒಲೆಗೆ ಇನ್ನೆರಡು ಸೌದೆ ತುಂಬಿದಳು.

ಅವನು ಹೊರಗೆ ಬಂದಾಗ ಮುಖ ಹಸುಗೂಸಿನ ಹಾಗೆ ಕೆಂಪಾಗಿತ್ತು. ನಾನು ಒಳಗೆ ಹೋಗಿ ನೋಡಿದೆ. ಅಷ್ಟು ದೊಡ್ಡ ತಾಮ್ರದ ಹಂಡೆಯಲ್ಲಿ ಒಂದು ಚೊಂಬು ಬಿಸಿನೀರೂ ಉಳಿದಿರಲಿಲ್ಲ. ಮೂಲೆಯ ತೊಟ್ಟಿಯಿಂದ ತಣ್ಣೀರು ಮೊಗೆದು ತಲೆಯ ಮೇಲೆ ಸುರಿದುಕೊಂಡೆ, ಕಿರುಚಿಕೊಂಡೆ. ಹೊರಗೆ ಓಬಯ್ಯನೂ ನಾಗರತ್ನಳೂ ಒಟ್ಟಿಗೇ ನಕ್ಕದ್ದು ಕೇಳಿಸಿತು.